ಸಹಿ ನನ್ನದು, ಸಾಲ ಯಾರದು?

ವರ್ಷಕ್ಕೆ ನಾಲ್ಕೈದು ಸಲ ನಾನು ಒಂದು ಕಾಗದಕ್ಕೆ ಸಹಿ ಹಾಕುತ್ತೇನೆ. ಇಂಗ್ಲಿಷಿನಲ್ಲಿ ಒತ್ತೊತ್ತಾಗಿ ಅಚ್ಚು ಮಾಡಿದ ಕಾಗದ. ಅದರ ತಾತ್ಪರ್ಯ ಇಷ್ಟು: ಈ ಆಟ ಅಪಾಯದ್ದು ಅಂತ ನನಗೆ ಗೊತ್ತಿದೆ, ಕೈಕಾಲು ಮುರಿದರೂ ಜೀವವೇ ಹೋದರೂ ನಾನು ಯಾರನ್ನೂ ದೂರುವುದಿಲ್ಲ, ನನಗೆ ನಾನೇ ಹೊಣೆ. ಕೆಳಗೆ ಹೆಸರು, ರಕ್ತದ ಗುಂಪು, ಆಮೇಲೆ ಒಂದು ಸಾಲು: ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು? ಮೊದಲ ಎರಡನ್ನು ಕಣ್ಣು ಮುಚ್ಚಿಕೊಂಡು ತುಂಬುತ್ತೇನೆ. ಮೂರನೆಯದರ ಮುಂದೆ ಪೆನ್ನು ನಿಲ್ಲುತ್ತಿತ್ತು. ನಾನು ಹೇಳಬೇಕೆಂದಿರುವುದು ಆ ಸಾಲಿನ ಕಥೆ.

ನನ್ನೂರು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಹನ್ನೊಂದು ವರ್ಷದಿಂದ ಚೆನ್ನೈನಲ್ಲಿದ್ದೇನೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ವೇಳಚೇರಿಯಲ್ಲಿ ಬಾಡಿಗೆ ಮನೆ, ದಾವಣಗೆರೆ ಕಡೆಯ ಹೆಂಡತಿ, ಯುಕೆಜಿ ಓದುವ ಮಗಳು. ಮಗಳಿಗೆ ಆಟಕ್ಕೆ ತಮಿಳು, ಊಟಕ್ಕೆ ಕನ್ನಡ, ಜಗಳಕ್ಕೆ ಎರಡೂ. ನಿಮ್ಮ ನೆಂಟರಿಷ್ಟರಲ್ಲೂ ನನ್ನಂಥವನೊಬ್ಬ ಇದ್ದೇ ಇರುತ್ತಾನೆ. ದೀಪಾವಳಿಗೆ ಬಂದು, ನಾಲ್ಕು ದಿನ ಇದ್ದು, ಚಟ್ನಿಪುಡಿ ರೊಟ್ಟಿ ಕಟ್ಟಿಸಿಕೊಂಡು ರಾತ್ರಿ ಬಸ್ಸು ಹತ್ತುವವನು. ನನ್ನಲ್ಲಿ ಬೇರೆ ಏನಾದರೂ ಇದ್ದರೆ ಅದು ಇಷ್ಟೇ: 2022ರಲ್ಲಿ, ಮೂವತ್ತೆರಡನೇ ವಯಸ್ಸಿನಲ್ಲಿ, ಮಗಳಿಗೆ ಎರಡು ತುಂಬಿದ ಮೇಲೆ, ನಾನು ಮೋಟಾರ್‌ಸೈಕಲ್ ರೇಸಿಗೆ ಇಳಿದೆ.

ಚೆನ್ನೈಯಿಂದ ಬೆಂಗಳೂರು ಹೆದ್ದಾರಿ ಹಿಡಿದು ಸುಮಾರು ನಲವತ್ತು ಕಿಲೋಮೀಟರ್ ಬಂದರೆ ಇರುಂಗಾಟ್ಟುಕೋಟೈ. ಸುತ್ತ ಕಾರ್ಖಾನೆಗಳು, ನಡುವೆ ರೇಸ್ ಟ್ರ್ಯಾಕ್. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರು ಇದನ್ನು 1990ರಲ್ಲಿ ಶುರು ಮಾಡಿದ್ದು. ಅದಕ್ಕೂ ಮುಂಚೆ ಶೋಲಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ರೇಸು ನಡೆಯುತ್ತಿತ್ತು. ಒಂದು ಸುತ್ತಿಗೆ 3.717 ಕಿಲೋಮೀಟರ್, 12 ತಿರುವು. ಈಗ ಅದರ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಕರ್ನಾಟಕದಲ್ಲಿ ಇಷ್ಟು ದೊಡ್ಡ ಟ್ರ್ಯಾಕ್ ಇಲ್ಲದ್ದರಿಂದ ಬೆಂಗಳೂರಿನ ಹುಡುಗರೂ ಇಲ್ಲಿಗೇ ಬರುತ್ತಾರೆ. ಹಾಗಾಗಿ ರೇಸಿನ ಶನಿವಾರ ಭಾನುವಾರ ಅಲ್ಲಿ ಬೇಕಾದಷ್ಟು ಕನ್ನಡ ಕಿವಿಗೆ ಬೀಳುತ್ತದೆ. ಮೊದಲ ಸಲ ಹೋದಾಗ ಇಪ್ಪತ್ತರ ಹುಡುಗನೊಬ್ಬ, “ಅಂಕಲ್, ನಿಮ್ಮ ಮಗ ಯಾವ ಕ್ಲಾಸಲ್ಲಿ ಓಡಿಸ್ತಾನೆ?” ಎಂದು ಕೇಳಿದ. ನಾನೇ ಓಡಿಸೋದು ಅಂದಾಗ ಪಾಪ, ಅವನಿಗೇ ನಾಚಿಕೆಯಾಯಿತು.

ನನ್ನದು ಹಳೆಯ ಯಮಹಾ ಆರ್15. ಹೊಸಬರ ಕ್ಲಾಸು. ಗುರುವಾರ ಸಂಜೆ ಗಾಡಿಯನ್ನು ಟಾಟಾ ಏಸ್‌ನಲ್ಲಿ ಹಾಕಿ ಹಗ್ಗ ಬಿಗಿಯುತ್ತೇವೆ. ಇಲ್ಲಿಯ ಜನ ಟಾಟಾ ಏಸ್‌ಗೆ ‘ಕುಟ್ಟಿ ಯಾನೈ’ ಅನ್ನುತ್ತಾರೆ, ಮರಿಯಾನೆ. ಶುಕ್ರವಾರ ತಪಾಸಣೆ, ಪ್ರಾಕ್ಟೀಸ್. ಕನ್ನಡಿ, ಇಂಡಿಕೇಟರ್, ಸೈಡ್ ಸ್ಟ್ಯಾಂಡ್ ಎಲ್ಲ ಬಿಚ್ಚಿರಬೇಕು. ಆಯಿಲ್ ಬೋಲ್ಟ್ ಸಡಿಲವಾಗದ ಹಾಗೆ ತಂತಿ ಬಿಗಿದಿರಬೇಕು, ಯಾಕೆಂದರೆ ನನ್ನ ಗಾಡಿಯಿಂದ ಬಿದ್ದ ನಾಲ್ಕು ಹನಿ ಆಯಿಲ್ ಹಿಂದೆ ಬರುವವನ ಪ್ರಾಣ ತೆಗೆಯಬಹುದು. ಶನಿವಾರ ಯಾರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುವ ಓಟ. ಭಾನುವಾರ ರೇಸ್, ಆರು ಸುತ್ತು. ಒಂದು ಸುತ್ತಿಗೆ ಎರಡು ನಿಮಿಷದ ಮೇಲೆ ಸ್ವಲ್ಪ. ಅಂದರೆ ಮೂರು ದಿನದ ಓಡಾಟ, ಒಂದು ತಿಂಗಳ ಬಾಡಿಗೆಯಷ್ಟು ಖರ್ಚು, ಎಲ್ಲ ಹದಿಮೂರು ನಿಮಿಷಕ್ಕೆ. ನನ್ನ ಮೆಕ್ಯಾನಿಕ್ ಪುದುಪೇಟೆಯ ಒಬ್ಬ ಅಣ್ಣ. ನಾನು ಹೆಲ್ಮೆಟ್ ಹಾಕಿಕೊಂಡ ಮೇಲೆ ಪ್ರತಿಸಲವೂ ಅದೇ ಮಾತು: “ಪಾತ್ತು ಪೋ ತಂಬಿ.” ನೋಡಿಕೊಂಡು ಹೋಗು ತಮ್ಮಾ.

ಇದರಲ್ಲಿ ಏನು ಸುಖ ಅಂತ ಕೇಳುತ್ತೀರಿ. ನನ್ನ ಹೆಂಡತಿಯೂ ಕೇಳಿದ್ದಾಳೆ. ಸುಳ್ಳು ಹೇಳದೆ ಉತ್ತರ ಕೊಡುವುದಾದರೆ ಹೀಗೆ: ಪರವೂರಿನಲ್ಲಿ ಇರುವವನು ದಿನವೆಲ್ಲ ತನ್ನನ್ನು ತಾನು ಅನುವಾದ ಮಾಡಿಕೊಳ್ಳುತ್ತಿರುತ್ತಾನೆ. ಆಟೋದವನ ಹತ್ತಿರ ಹರಕು ತಮಿಳು, ಆಫೀಸಿನಲ್ಲಿ ಇಂಗ್ಲಿಷು, ಫೋನಿನಲ್ಲಿ ಊರಿನ ಮಾತು. ತಲೆಯೊಳಗೆ ಸದಾ ಒಂದು ಗದ್ದಲ. ನೇರ ಹಾದಿಯಲ್ಲಿ ಎದೆಯನ್ನು ಟ್ಯಾಂಕಿಗೆ ಅಂಟಿಸಿಕೊಂಡು ಬಂದು, ತಿರುವಿನ ಮುಂದೆ ಬ್ರೇಕ್ ಹಿಡಿಯುವ ಹೊತ್ತಿಗೆ ಆ ಗದ್ದಲ ನಿಂತುಹೋಗುತ್ತದೆ. ಅಲ್ಲಿ ಭಾಷೆಯೇ ಇಲ್ಲ. ಕಣ್ಣು ತಿರುವಿನ ಆಚೆಗೆ ಇರಬೇಕು, ನೋಡಿದ ಕಡೆಗೇ ಗಾಡಿ ಹೋಗುವುದು. ಗೋಡೆ ನೋಡಿದರೆ ಗೋಡೆಗೆ. ಮೊಣಕಾಲಿನ ಪ್ಲಾಸ್ಟಿಕ್ ಬಿಲ್ಲೆ ನೆಲಕ್ಕೆ ತಾಗಿ ಸರ್ರ್ ಅಂದಾಗ ಆಗುವ ಖುಷಿಯನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ನೀನು ಯಾವ ಊರವನು, ಯಾರ ಮಗ, ಸಂಬಳ ಎಷ್ಟು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಗಡಿಯಾರ ಒಂದೇ ಕೇಳುವುದು.

ಆದರೆ ಭಾನುವಾರ ಬೆಳಗ್ಗೆ ಎಂಟಕ್ಕೆ ಅವ್ವ ಫೋನ್ ಮಾಡುತ್ತಾಳೆ. ಅಪ್ಪ ತೀರಿಕೊಂಡು ಎಂಟು ವರ್ಷವಾಯಿತು, ಆವಾಗಿನಿಂದಲೂ ಇದು ತಪ್ಪಿಲ್ಲ. ರೇಸಿನ ಭಾನುವಾರ ಫೋನು ಹೆಂಡತಿಗೆ ಹೋಗುತ್ತಿತ್ತು. “ಆಫೀಸಿಗೆ ಹೋಗ್ಯಾರೆ ಅತ್ತೆ, ಕೆಲಸ ಜಾಸ್ತಿ ಐತಂತೆ,” ಅನ್ನುವುದು ಅವಳ ಪಾಲಿನ ಸಂಭಾಷಣೆ. ಬರೆದುಕೊಟ್ಟವನು ನಾನು. ಎರಡು ವರ್ಷ ಅವಳು ಅದನ್ನು ತಪ್ಪದೆ ಒಪ್ಪಿಸಿದಳು. ಒಂದು ದಿನ ಮಾತ್ರ ತಡೆಯಲಾರದೆ ಅಂದಳು: “ರೀ, ಖುಷಿ ನಿಮ್ದು, ಗಾಡಿ ನಿಮ್ದು. ಸುಳ್ಳು ಮಾತ್ರ ನನ್ದಾ?”

ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ನನ್ನ ಹತ್ತಿರ ಆಗ ಸಮರ್ಥನೆಗಳ ಒಂದು ಗಂಟೇ ಇತ್ತು. ಒಂದೊಂದಾಗಿ ಬಿಚ್ಚುತ್ತೇನೆ, ನೀವೇ ತೂಕ ಮಾಡಿ.

ಮೊದಲನೆಯದು ಅಂಕಿಸಂಖ್ಯೆಯದು. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ರಸ್ತೆಯಲ್ಲಿ ಎಮ್ಮೆ ಬರುತ್ತದೆ, ನೀರಿನ ಲಾರಿ ಎದುರಿಗೆ ಬರುತ್ತದೆ. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ. ಪ್ರತಿ ತಿರುವಿನಲ್ಲಿ ಬಾವುಟ ಹಿಡಿದ ಮಾರ್ಷಲ್. ಆಂಬುಲೆನ್ಸ್ ಮೊದಲೇ ಬಂದು ನಿಂತಿರುತ್ತದೆ. ಆಫೀಸಿಗೆ ಹೋಗುವಾಗ ಸಾಯಬಹುದಾದವನು ಭಾನುವಾರ ಯಾಕೆ ಹೆದರಬೇಕು? ಕೇಳಲು ಚೆಂದ. ಆದರೆ ಆಫೀಸಿಗೆ ಹೋಗುವುದು ಹೊಟ್ಟೆಪಾಡು. ಅಲ್ಲಿಯ ಅಪಾಯ ಮನೆಯವರ ಪರವಾಗಿ ಹೊತ್ತದ್ದು, ಮನೆಯವರಿಗೆ ಗೊತ್ತಿದ್ದದ್ದು. ಭಾನುವಾರದ ಅಪಾಯ ನನಗಾಗಿ ನಾನು ಹುಡುಕಿಕೊಂಡು ಹೋದದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ವ್ಯಾಪಾರಿಯ ಜಾಣತನ, ಅಷ್ಟೆ.

ಎರಡನೆಯದನ್ನು ನನಗೆ ಒದಗಿಸಿದವನು ರೇಸಿಗೆ ಬರುತ್ತಿದ್ದ ಒಬ್ಬ ಕಾನೂನು ವಿದ್ಯಾರ್ಥಿ. “ನನ್ನ ದೇಹ, ನನ್ನ ತೀರ್ಮಾನ. ಜಾನ್ ಸ್ಟುವರ್ಟ್ ಮಿಲ್ ಇದನ್ನ 1859ರಲ್ಲೇ ಬರೆದಿಟ್ಟಿದ್ದಾನೆ ಸಾರ್,” ಎಂದ. ಇತರರಿಗೆ ಹಾನಿಯಾಗದ ತನಕ ಮನುಷ್ಯ ತನ್ನ ಮೈಮನಸ್ಸಿಗೆ ತಾನೇ ಒಡೆಯ ಅನ್ನುವುದು ಆ ವಾದ. ನನಗೆ ಬಹಳ ಹಿಡಿಸಿತು. ಮನೆಗೆ ಬಂದು ಆ ‘ಆನ್ ಲಿಬರ್ಟಿ’ ಪುಸ್ತಕ ತೆಗೆದು ಓದಿದೆ. ಓದದೇ ಇದ್ದರೆ ಚೆನ್ನಾಗಿತ್ತು. ಯಾಕೆಂದರೆ ಅದೇ ಮಿಲ್ ಮುಂದೆ ಹೋಗಿ, ಸಾಲ ತೀರಿಸಬೇಕಾದವನು, ಸಂಸಾರದ ಹೊಣೆ ಹೊತ್ತವನು, ತನ್ನ ಚಪಲದಿಂದ ಆ ಹೊಣೆ ನಡೆಸಲಾಗದ ಸ್ಥಿತಿಗೆ ಬಂದರೆ ಅದು ಅವನೊಬ್ಬನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ ಅನ್ನುತ್ತಾನೆ. ಆ ಹುಡುಗನಿಗೆ ಇನ್ನೂ ಮದುವೆಯಾಗಿಲ್ಲ. ಅವನು ಅರ್ಧಕ್ಕೆ ಪುಸ್ತಕ ಮುಚ್ಚಿದ್ದರೆ ತಪ್ಪೇನಿಲ್ಲ.

ಮೂರನೆಯದು ನಮ್ಮೂರಿನದು. ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬ. ಶಿಕಾರಿಪುರ, ಸೊರಬ, ಆಚೆ ಹಾವೇರಿ ಸೀಮೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಬಲೂನು, ಜೂಲ ಹಾಕಿ ಸಿಂಗರಿಸಿ, ಜನರ ನಡುವೆ ಓಡಿಸುತ್ತಾರೆ. ಹುಡುಗರು ನುಗ್ಗಿ ಕೊಬ್ಬರಿ ಹರಿಯಬೇಕು. ಸಾವುನೋವು ಆದದ್ದೂ ಉಂಟು. ನಾನೇ ಹದಿನೆಂಟರಲ್ಲಿ ಒಂದು ಸಲ ನುಗ್ಗಿ ಅಂಗಿ ಹರಿಸಿಕೊಂಡು ಬಂದವನು. ಹಾಗಾದರೆ ಅಪಾಯದ ಆಟ ನಮ್ಮ ರಕ್ತದಲ್ಲೇ ಇದೆ, ಹೋರಿಯ ಬದಲು ಗಾಡಿ, ವ್ಯತ್ಯಾಸ ಏನು?

ವ್ಯತ್ಯಾಸ ಇದೆ. ಹೋರಿ ಹಬ್ಬಕ್ಕೆ ಹೋಗುವವನು ಊರಿನ ಕಣ್ಣ ಮುಂದೆಯೇ ಹೋಗಬೇಕು. ನಾನು ನುಗ್ಗಿದ ದಿನ ಅವ್ವ ಮಾಳಿಗೆಯ ಮೇಲೆ ನಿಂತಿದ್ದಳು. ಬೈದಳು, ಕೂಗಿದಳು, ರಾತ್ರಿ ಬಿಸಿನೀರು ಕಾಸಿಕೊಟ್ಟಳು. ಅವಳಿಗೆ ಇಷ್ಟವಿತ್ತು ಅಂತಲ್ಲ. ಆದರೆ ಹೆದರುವ ಹಕ್ಕನ್ನು ಅವಳಿಂದ ಯಾರೂ ಕಿತ್ತುಕೊಂಡಿರಲಿಲ್ಲ. ಹಳ್ಳಿಯಲ್ಲಿ ಬಚ್ಚಿಟ್ಟುಕೊಂಡು ಬದುಕುವುದು ಕಷ್ಟ. ನಾನು ಬೀಡಿ ಸೇದಿದ ಸುದ್ದಿ ನನಗಿಂತ ಮೊದಲು ಮನೆ ಸೇರಿತ್ತು. ಊರು ಬಿಟ್ಟ ಮೇಲೆ ನಮಗೆ ಸಿಗುವ ದೊಡ್ಡ ಸ್ವಾತಂತ್ರ್ಯ ಇದೇ, ಯಾರಿಗೂ ಗೊತ್ತಾಗದ ಒಂದು ಬದುಕು. ಇಲ್ಲಿರುವ ನನ್ನ ಗೆಳೆಯರಲ್ಲಿ ಒಬ್ಬ ಕೆಲಸ ಹೋಗಿ ನಾಲ್ಕು ತಿಂಗಳಾದರೂ ಊರಿಗೆ ಹೇಳಿಲ್ಲ. ಇನ್ನೊಬ್ಬ ಶುಗರ್ ಬಂದಿದ್ದನ್ನು ಹೇಳಿಲ್ಲ. “ಪಾಪ, ಸುಮ್ನೆ ಯಾಕೆ ಅವರಿಗೆ ಚಿಂತೆ” ಅನ್ನುವುದು ಹೊರನಾಡಿನಲ್ಲಿರುವ ನಾವೆಲ್ಲ ಹೇಳುವ ಮಾತು. ಆರೇಳುನೂರು ಕಿಲೋಮೀಟರ್ ದೂರ ಸುಳ್ಳಿಗೂ ಕರುಣೆಯ ಬಣ್ಣ ಹಚ್ಚಿಬಿಡುತ್ತದೆ.

ಆ ಬಣ್ಣ ಎಷ್ಟು ತೆಳು ಅಂತ ನನಗೆ ಒಂದು ಸಲ ಕಂಡಿತ್ತು. 2023ರ ಆಗಸ್ಟ್‌ನಲ್ಲಿ ಇದೇ ಟ್ರ್ಯಾಕಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಹುಡುಗ ರೇಸಿನಲ್ಲಿ ಬಿದ್ದು ತೀರಿಕೊಂಡ. ಆ ವಾರದ ಉಳಿದ ರೇಸುಗಳನ್ನು ರದ್ದು ಮಾಡಿದರು. ಅದೇ ವರ್ಷದ ಜನವರಿಯಲ್ಲಿ 59 ವರ್ಷದ ಅನುಭವಿ ಕಾರು ರೇಸರೊಬ್ಬರು ಅಲ್ಲೇ ಹೋಗಿದ್ದರು. ಎಳೆತನವನ್ನೂ ಬಿಡಲಿಲ್ಲ, ಅನುಭವವನ್ನೂ ಬಿಡಲಿಲ್ಲ. ಹುಡುಗನ ಸುದ್ದಿ ಅವ್ವ ಟಿವಿಯಲ್ಲಿ ನೋಡಿದ್ದಳು. ಫೋನಿನಲ್ಲಿ, “ನಿಮ್ಮ ಚೆನ್ನೈಯಾಗೇ ಅಂತೆ ತಮ್ಮಾ. ಎಂಥ ಹುಡುಗ. ಆ ತಾಯಿ ಹೆಂಗೆ ತಡಕಂತಾಳೋ,” ಎಂದಳು. ನಾನು, “ಹೌದಂತೆ ಅವ್ವ, ನಾನೂ ನೋಡ್ದೆ,” ಎಂದೆ. ಯಾವುದೋ ದೂರದ ದೇಶದ ಸುದ್ದಿ ಅನ್ನುವ ಹಾಗೆ. ಫೋನ್ ಇಟ್ಟ ಮೇಲೆ ಕೈ ನಡುಗುತ್ತಿತ್ತು. ಮುಂದಿನ ರೇಸಿಗೆ ಹೆಸರು ಕೊಡದೆ ಬಿಟ್ಟೆ. ಅದರ ಮುಂದಿನದಕ್ಕೆ ಕೊಟ್ಟೆ. ಮನುಷ್ಯನ ಭಯಕ್ಕೆ ಆಯುಸ್ಸು ಅಷ್ಟೇ.

ಈಗ ಫಾರಂನ ಆ ಸಾಲಿಗೆ ಬರುತ್ತೇನೆ. ಅಲ್ಲಿ ನಾನು ಹೆಂಡತಿಯ ನಂಬರನ್ನೂ ಬರೆದಿರಲಿಲ್ಲ. ಅವಳಿಗೆ ಗೊತ್ತಿತ್ತು, ಆದರೂ ಆ ಜಾಗದಲ್ಲಿ ಅವಳ ಹೆಸರು ಬರೆದರೆ ಅನಿಷ್ಟ ಕರೆದ ಹಾಗೆ ಅನಿಸುತ್ತಿತ್ತು. ಹಾಗಾಗಿ ಆಫೀಸಿನ ಗೆಳೆಯನೊಬ್ಬನ ನಂಬರ್ ಬರೆದಿದ್ದೆ, ಅವನಿಗೆ ತಿಳಿಸದೆ. ಹಿರೇಕೆರೂರು ಕಡೆಯವನು, ಒಮ್ಮೆ ನನ್ನ ಜೊತೆ ಹೋರಿ ಹಬ್ಬಕ್ಕೆ ಊರಿಗೂ ಬಂದಿದ್ದ.

2024ರ ಒಂದು ಭಾನುವಾರ, ಮೂರನೆಯ ಸುತ್ತಿನಲ್ಲಿ ನಾನು ಬಿದ್ದೆ. ತಪ್ಪು ಪೂರ್ತಿ ನನ್ನದೇ. ಮುಂದಿದ್ದ ಹುಡುಗನನ್ನು ದಾಟುವ ಆಸೆಗೆ ಬ್ರೇಕ್ ಹಿಡಿಯುವುದನ್ನು ತಡಮಾಡಿದೆ, ಹಿಡಿದ ಬ್ರೇಕ್ ಬಿಡದೆಯೇ ಗಾಡಿ ವಾಲಿಸಿದೆ. ಕೆಳಗಿನಿಂದ ಯಾರೋ ಎಳೆದ ಹಾಗೆ ಮುಂದಿನ ಚಕ್ರ ಜಾರಿತು. ಭುಜ ಮೊದಲು ನೆಲಕ್ಕೆ ಬಿತ್ತು. ಆಕಾಶ, ಟಾರು, ಆಕಾಶ, ಆಮೇಲೆ ಮಣ್ಣು. ಎದ್ದು ಕೂತಾಗ ಹಳದಿ ಬಾವುಟ ಬೀಸುತ್ತಿದ್ದುದು ಕಂಡಿತು. ಕೊರಳ ಕೆಳಗಿನ ಮೂಳೆ ಮುರಿದಿತ್ತು. ರೇಸಿನವರಿಗೆ ಇದು ಮಾಮೂಲಿ ಗಾಯ, ಆರು ವಾರ ಕೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡಿದ್ದರೆ ಕೂಡಿಕೊಳ್ಳುತ್ತದೆ.

ನಾನು ಆಂಬುಲೆನ್ಸ್‌ನಲ್ಲಿದ್ದಾಗ, ಕ್ರಮದ ಪ್ರಕಾರ, ಫಾರಂನಲ್ಲಿದ್ದ ನಂಬರಿಗೆ ಫೋನ್ ಹೋಯಿತು. “ಟ್ರ್ಯಾಕಾ? ಯಾವ ಟ್ರ್ಯಾಕು?” ಎಂದು ಗೆಳೆಯ ಕಂಗಾಲಾದ. ನನ್ನ ಹೆಂಡತಿಗೆ ತಿಳಿಸಬೇಕು, ಅವಳ ನಂಬರ್ ಅವನ ಹತ್ತಿರ ಇಲ್ಲ. ಇದ್ದದ್ದು ಊರಿನ ನಂಬರ್. ಅವ್ವನಿಗೆ ಮಾಡಿ, “ಅತ್ತಿಗೆ ನಂಬರ್ ಕೊಡ್ರಿ,” ಎಂದ. ಯಾಕಪ್ಪಾ ಅಂದಳು. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಅವ್ವ ತಾನೇ ಸೊಸೆಗೆ ಫೋನ್ ಮಾಡಿದಳು. ಎಂಟು ಗಂಟೆಗೆ ‘ಆಫೀಸಿಗೆ ಹೋಗ್ಯಾರೆ’ ಎಂದು ಕೇಳಿಸಿಕೊಂಡಿದ್ದ ಅದೇ ಅವ್ವ. “ಆಫೀಸು ಅಂದ್ಯಲ್ಲವ್ವ. ಈಗರ ನಿಜ ಹೇಳು. ಜೀವ ಐತಾ?” ಹೆಂಡತಿಗೆ ಅದೇ ಮೊದಲ ಸುದ್ದಿ. ಅವಳಿಗೂ ಉತ್ತರ ಗೊತ್ತಿರಲಿಲ್ಲ. ನನ್ನ ಮೊಬೈಲು ಬ್ಯಾಗಿನೊಳಗೆ ಬಡಿದುಕೊಳ್ಳುತ್ತಿತ್ತು. ಪುದುಪೇಟೆಯ ಅಣ್ಣ ಅದನ್ನು ಹುಡುಕಿ ತೆಗೆದು ಆಸ್ಪತ್ರೆಗೆ ತಂದು ನನ್ನ ಎಡಗೈಗೆ ಕೊಡುವ ಹೊತ್ತಿಗೆ ನಲವತ್ತು ನಿಮಿಷವಾಗಿತ್ತು. ಆ ನಲವತ್ತು ನಿಮಿಷ ಶಿಕಾರಿಪುರ ತಾಲ್ಲೂಕಿನ ಒಂದು ಮನೆಯಲ್ಲೂ ವೇಳಚೇರಿಯ ಒಂದು ಮನೆಯಲ್ಲೂ ನಾನು ಸತ್ತಿದ್ದೆ. ನನಗೆ ನಾನೇ ಹೊಣೆ ಅಂತ ಸಹಿ ಹಾಕಿದ್ದೆನಲ್ಲ, ಆ ಕಾಗದದಲ್ಲಿ ಈ ನಲವತ್ತು ನಿಮಿಷದ ಲೆಕ್ಕ ಎಲ್ಲೂ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಅವ್ವ ಬಂದಳು. ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಬೆಳಗಿನ ರೈಲು, ಜೊತೆಗೆ ನಮ್ಮಣ್ಣ. ಬೈಯಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ, ಭುಜದ ಹತ್ತಿರ ತರಚಿಹೋದ ಚರ್ಮದ ಸೂಟನ್ನು ಮುಟ್ಟಿ ನೋಡಿದಳು.

“ನಾನು ಬಂದಾಗೆಲ್ಲ ಇದನ್ನ ಎಲ್ಲಿಡ್ತಿದ್ದಿ?”

“ಮಂಚದ ಕೆಳಗೆ.”

“ನಾನು ಮಲಗೋ ಮಂಚದ ಕೆಳಗಾ?”

ನಾನು ತಲೆಯಾಡಿಸಿದೆ. ಅವಳು ಅದನ್ನು ಮಡಚಿ ಬದಿಗಿಟ್ಟಳು.

ಸಂಜೆ ಅವಳು ಅಪ್ಪನ ಮಾತು ತೆಗೆದಳು. ನಾನು ಚಿಕ್ಕವನಿದ್ದಾಗ ಅಪ್ಪ ನೆಂಟರೊಬ್ಬರ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತಿದ್ದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನೆಂಟರು ಸಾಲ ಕಟ್ಟಲಿಲ್ಲ, ನೋಟಿಸು ನಮ್ಮ ಮನೆಗೆ ಬಂತು, ಕೆರೆ ಕೆಳಗಿನ ಒಂದೆಕರೆ ಹೋಯಿತು. ಅವ್ವ ಒಂದು ತಿಂಗಳು ಅಪ್ಪನ ಜೊತೆ ಮಾತು ಬಿಟ್ಟಿದ್ದು ನನಗೆ ನೆನಪಿದೆ. ಹೊಲ ಹೋದ ಸಿಟ್ಟು ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ.

“ಹೊಲ ಹೋಗಿದ್ದಕ್ಕಲ್ಲ ನಾನು ಮಾತು ಬಿಟ್ಟಿದ್ದು,” ಎಂದಳು ಅವ್ವ. “ನನ್ನ ಕೇಳಿದ್ರೆ, ಕಷ್ಟದಾಗೆ ಅದಾರೆ, ನಿಲ್ರಿ ಅಂತಿದ್ದೆನೇನೋ. ಕೇಳ್ಲಿಲ್ಲ. ಸಹಿ ಅವರು ಹಾಕಿದ್ರು, ಕಟ್ಟಿದ್ದು ನಾವೆಲ್ಲ. ನೀನೂ ನಿಮ್ಮಪ್ಪನ ಮಗನೇ.”

ಎರಡು ವರ್ಷ ನಾನು ತಲೆ ಕೆಡಿಸಿಕೊಂಡದ್ದು, ಅಪಾಯ ತಗೊಳ್ಳುವುದು ಸರಿಯೋ ತಪ್ಪೋ ಅನ್ನುವ ಪ್ರಶ್ನೆಗೆ. ಅವ್ವನ ಪ್ರಶ್ನೆಯೇ ಬೇರೆ. ತೀರಿಸುವವರನ್ನು ಕೇಳದೆ ಸಹಿ ಹಾಕಲು ನೀನು ಯಾರು ಅನ್ನುವುದು ಅವಳ ಪ್ರಶ್ನೆ. ಬಿದ್ದರೆ ಮೂಳೆ ನನ್ನದು ಮುರಿಯುತ್ತದೆ, ನಿಜ. ಆದರೆ ಆರು ವಾರ ನನ್ನ ತಲೆ ಬಾಚಿದವಳು, ಅಂಗಿ ಗುಂಡಿ ಹಾಕಿದವಳು, ಮಗಳನ್ನೂ ನನ್ನನ್ನೂ ಒಟ್ಟಿಗೆ ನೋಡಿಕೊಂಡವಳು ಹೆಂಡತಿ. ಸತ್ತಿದ್ದರಂತೂ ಸತ್ತವನಿಗೆ ಏನೂ ಇಲ್ಲ. ಸಾಲ ಪೂರ್ತಿ ಉಳಿದವರ ಮೇಲೆ.

ಟ್ರ್ಯಾಕಿನಿಂದ ಸ್ವಲ್ಪ ದೂರದಲ್ಲೇ ಶ್ರೀಪೆರಂಬದೂರು, ರಾಮಾನುಜರು ಹುಟ್ಟಿದ ಊರು. ಅಲ್ಲಿಂದ ಹೊರಟು ಮುಂದೆ ನಮ್ಮ ಮೇಲುಕೋಟೆಯಲ್ಲಿ ವರ್ಷಗಟ್ಟಲೆ ಇದ್ದವರು. ಗುಟ್ಟಾಗಿಡಬೇಕಾದ ಮಂತ್ರವನ್ನು ಅವರು ಗೋಪುರ ಹತ್ತಿ ಎಲ್ಲರಿಗೂ ಕೂಗಿ ಹೇಳಿದರಂತೆ. ನರಕ ಬಂದರೆ ನನಗೊಬ್ಬನಿಗೆ ಬರಲಿ, ಪುಣ್ಯ ಎಲ್ಲರಿಗೂ ಸಿಗಲಿ ಎಂದರಂತೆ. ರೇಸಿನ ದಿನ ಆ ಊರಿನ ಬೋರ್ಡು ದಾಟುವಾಗ ಈಗೀಗ ಆ ಕಥೆ ನೆನಪಾಗುತ್ತದೆ. ಅವರದು ಗುಟ್ಟನ್ನು ಬಯಲು ಮಾಡಿ ನರಕವನ್ನು ತಾನು ಇಟ್ಟುಕೊಂಡ ಲೆಕ್ಕ. ನನ್ನದು ಸುಖವನ್ನು ಗುಟ್ಟಾಗಿಟ್ಟು ನರಕವನ್ನು ಮನೆಯವರಿಗೆ ಹಂಚಿದ ಲೆಕ್ಕ.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಸುಲಭವಿತ್ತು. ತಪ್ಪು ತಿಳಿಯಿತು, ಇನ್ನು ಮೇಲೆ ಹೇಳಿಯೇ ಹೋಗುತ್ತೇನೆ ಅಂದುಕೊಂಡೆ. ಅವ್ವ ಊರಿಗೆ ಹೊರಡುವ ಹಿಂದಿನ ರಾತ್ರಿ ಅವಳ ಪಕ್ಕ ಕೂತು, “ಅವ್ವ, ಈಗ ಕೇಳ್ತಿದೀನಿ. ಕೈ ಸರಿ ಹೋದಮೇಲೆ ಹೋಗ್ಲಾ?” ಎಂದೆ.

ಅವಳು ನನ್ನ ಮುಖ ನೋಡಿದಳು. “ಬ್ಯಾಡ ಅಂದ್ರೆ ಬಿಡ್ತೀಯಾ?”

ನನ್ನ ಬಾಯಿಂದ ಮಾತು ಹೊರಡಲಿಲ್ಲ.

“ಹಂಗಾರೆ ನೀನು ಕೇಳ್ತಿಲ್ಲ ತಮ್ಮಾ. ಹೇಳ್ತಿದ್ದಿ,” ಎಂದು ಮೊಮ್ಮಗಳ ಹೊದಿಕೆ ಸರಿಮಾಡಲು ಎದ್ದಳು.

ಕೇಳುವುದಕ್ಕೂ ಹೇಳುವುದಕ್ಕೂ ಇರುವ ಈ ಅಂತರವನ್ನು ನನಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ಬೇಡ ಅನ್ನುವ ಉತ್ತರಕ್ಕೆ ಜಾಗ ಇಡದ ಪ್ರಶ್ನೆ ಪ್ರಶ್ನೆಯೇ ಅಲ್ಲ, ನೋಟಿಸು. ಯೋಚಿಸಿ ನೋಡಿದರೆ ನಾವು ಊರು ಬಿಟ್ಟದ್ದೂ ಹೀಗೆಯೇ. “ಚೆನ್ನೈನಲ್ಲಿ ಕೆಲಸ ಸಿಕ್ಕಿದೆ, ಹೋಗ್ಲಾ ಅಪ್ಪ?” ಎಂದು ಕೇಳುವಾಗ ಟಿಕೆಟ್ ಜೇಬಿನಲ್ಲಿತ್ತು. ಅಪ್ಪ, “ಹೋಗಪ್ಪಾ, ಒಳ್ಳೇದಾಗ್ಲಿ,” ಎಂದ. ಅದನ್ನು ನಾನು ಅನುಮತಿ ಅಂದುಕೊಂಡೆ.

ಇನ್ನೊಂದು ಅನುಮಾನವೂ ನನ್ನನ್ನು ಬಿಟ್ಟಿಲ್ಲ. ಎರಡು ವರ್ಷ ಅವ್ವ ನೆಮ್ಮದಿಯಾಗಿದ್ದಳು. ಭಾನುವಾರ ಎಂಟಕ್ಕೆ ಫೋನ್ ಮಾಡಿ, ಮಗ ಆಫೀಸಿನಲ್ಲಿದ್ದಾನೆ ಎಂದು ನಂಬಿ, ರೊಟ್ಟಿ ತಟ್ಟಲು ಹೋಗುತ್ತಿದ್ದಳು. ನಿಜ ತಿಳಿದ ಮೇಲೆ ಅವಳಿಗೆ ಸಿಕ್ಕಿದ್ದೇನು? ಭಯ. ಹಾಗಾದರೆ ಸುಳ್ಳೇ ಮೇಲಾಗಿತ್ತಲ್ಲವೇ? ಈ ಪ್ರಶ್ನೆಯನ್ನು ನಾನು ಹೆಂಡತಿಗೆ ಹಾಕಿದೆ. ಅವಳು ಅಂದಳು, “ಖೋಟಾ ನೋಟು ಟ್ರಂಕಿನೊಳಗೆ ಇರೋ ತನಕ ದುಡ್ಡೇ. ಅಂಗಡಿಗೆ ತಗೊಂಡು ಹೋದ ದಿನ ಗೊತ್ತಾಗತ್ತೆ. ಆ ದಿನ ಅಂಗಡಿಗೆ ಹೋಗಿದ್ದು ಅತ್ತೆ, ನೀವಲ್ಲ.” ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಅವ್ವನಿಗೆ ನೆಮ್ಮದಿ ಬೇಕೋ ನಿಜ ಬೇಕೋ ಅನ್ನುವುದು ಅವಳು ಆರಿಸಿಕೊಳ್ಳಬೇಕಾದ್ದು. ಅವಳ ಬದಲು ನಾನು ಆರಿಸಿದ್ದೆ, ನನಗೆ ಅನುಕೂಲವಾ‌ದದ್ದನ್ನು.

ನಾನು ರೇಸ್ ಬಿಟ್ಟಿಲ್ಲ. ಬಿಟ್ಟೆ ಎಂದು ಬರೆದರೆ ಈ ಲೇಖನಕ್ಕೆ ಮರ್ಯಾದೆ ಬರುತ್ತಿತ್ತೇನೋ, ಆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹೆಂಡತಿ ಮೂರು ಕರಾರು ಹಾಕಿದಳು. ಫಾರಂನಲ್ಲಿ ಅವಳ ನಂಬರ್ ಇರಬೇಕು. ಇನ್ಶೂರೆನ್ಸ್ ಕಾಗದ ಎಲ್ಲಿದೆ, ಯಾವ ಬ್ಯಾಂಕಿನಲ್ಲಿ ಎಷ್ಟಿದೆ ಎಲ್ಲ ಅವಳಿಗೆ ಬರೆದುಕೊಡಬೇಕು. ಪ್ರತಿ ರೇಸಿಗೂ ಮುಂಚೆ ಅವ್ವನಿಗೆ ನಾನೇ ಫೋನ್ ಮಾಡಿ ಹೇಳಬೇಕು. ಮೊದಲ ಎರಡು ಸುಲಭ. ಮೂರನೆಯದು ಪ್ರತಿಸಲವೂ ಕಷ್ಟ. ಅವ್ವ ಹೂಂ ಅನ್ನುವುದಿಲ್ಲ, ಬೇಡ ಅಂತಲೂ ಅನ್ನುವುದಿಲ್ಲ. “ಯಾವಾಗ ಮುಗಿತೈತೆ?” ಅಷ್ಟೇ ಕೇಳುತ್ತಾಳೆ.

ಆ ಭಾನುವಾರಗಳಲ್ಲಿ ಅವಳು ಎಂಟು ಗಂಟೆಗೆ ಫೋನ್ ಮಾಡುವುದಿಲ್ಲ. ನಾನು ಮಾಡುವ ತನಕ ಊಟವನ್ನೂ ಮಾಡುವುದಿಲ್ಲ. ಇದನ್ನು ಅವಳು ನನಗೆ ಹೇಳಿದ್ದಲ್ಲ, ಅಣ್ಣ ಹೇಳಿದ್ದು. ಒಂದು ಸಲ ಮಳೆ ಬಂದು ರೇಸು ಮೂರು ಗಂಟೆಯ ತನಕ ಮುಂದೆ ಹೋಯಿತು. ಗ್ರಿಡ್ಡಿನಲ್ಲಿ ನಿಂತು ಕೆಂಪು ದೀಪ ನೋಡುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಶಿಕಾರಿಪುರದ ಮನೆಯಲ್ಲಿ ಮುಚ್ಚಿಟ್ಟ ತಟ್ಟೆ ಕಣ್ಣ ಮುಂದೆ ಬಂತು. ದೀಪ ಆರಿತು, ಎಲ್ಲರೂ ಹೊರಟರು, ನಾನು ಅರೆಕ್ಷಣ ತಡವಾಗಿ ಹೊರಟೆ. ಈಗ ತಿರುವುಗಳಲ್ಲೂ ಮೊದಲಿನ ಆ ಮೌನ ಇಲ್ಲ. ನನ್ನ ಸಮಯ ಒಂದೂವರೆ ಸೆಕೆಂಡು ಹೆಚ್ಚಾಗಿದೆ. ವಯಸ್ಸು ಎನ್ನುತ್ತಾರೆ ಹುಡುಗರು. ಇರಬಹುದು.

ಮುಗಿದ ಕೂಡಲೇ, ಹೆಲ್ಮೆಟ್ ತೆಗೆದು, ಒದ್ದೆ ಕೈಯಲ್ಲೇ ಫೋನ್ ಮಾಡುತ್ತೇನೆ.

“ಮುಗೀತವ್ವ.”

“ಹೂಂ. ಹಂಗಾರೆ ಉಣ್ತೀನಿ.”

ಅಷ್ಟೇ ಮಾತು. ‘ಇನ್ನು ಬಿಡ್ಲಾ ಅವ್ವ?’ ಎಂದು ನಾನು ಇನ್ನೂ ಕೇಳಿಲ್ಲ. ಕೇಳಿದರೆ ಈ ಸಲ ಅವಳ ಉತ್ತರಕ್ಕೆ ಜಾಗ ಇಟ್ಟು ಕೇಳಬೇಕು. ಆ ಜಾಗ ನನ್ನಲ್ಲಿ ಇನ್ನೂ ಆಗಿಲ್ಲ.